ಅಮ್ಮನ ಕರೆ ಹಗಲಲ್ಲೂ ವಾಯ್ಸ್‌ಮೇಲ್‌ಗೆ ಯಾಕೆ ಹೋಗುತ್ತೆ? – ಓದುಗರ ಪ್ರಶ್ನೆ, ನನ್ನ ಉತ್ತರ

ಮನೆಯಲ್ಲೇ ಫೋನ್ ಸರ್ವರ್ ಇಟ್ಟುಕೊಂಡವರಿಂದ ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಯಾರು ಕರೆ ಮಾಡುತ್ತಿದ್ದಾರೆ ಅನ್ನೋದನ್ನು ನೋಡಿ ಕರೆಯನ್ನು ಬೇರೆ ಬೇರೆ ಕಡೆಗೆ ಕಳಿಸುವ ನಿಯಮ ಬರೆದಿದ್ದಾರೆ. ಅದು ಕೆಲಸ ಮಾಡುತ್ತಿಲ್ಲ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದದ ಉತ್ತರ ಬರೆದಿದ್ದೇನೆ, ಅದರಲ್ಲಿರುವ ತಪ್ಪು ಕಣ್ಣಿಗೆ ಬೀಳುವಂಥದ್ದಲ್ಲ.

ಪ್ರಶ್ನೆ: ಮೇಡಂ, ನಮಸ್ಕಾರ. ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈ ಅಗಲದ ಕಂಪ್ಯೂಟರ್) ಮೇಲೆ ಆಸ್ಟರಿಸ್ಕ್ ಅನ್ನುವ ಫೋನ್ ಸರ್ವರ್ ತಂತ್ರಾಂಶ ಹಾಕಿಕೊಂಡಿದ್ದೇನೆ. ಹಾಲ್‌ನಲ್ಲಿ ಒಂದು ಫೋನ್, ಮಲಗುವ ಕೋಣೆಯಲ್ಲಿ ಒಂದು. ಇಂಟರ್‌ನೆಟ್ ಮೂಲಕ ಬರುವ ಒಂದು ಲೈನ್ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಲ್ಲರ ಕರೆಯೂ ವಾಯ್ಸ್‌ಮೇಲ್‌ಗೆ ಹೋಗಬೇಕು, ಅಮ್ಮನ ಕರೆ ಮಾತ್ರ ಯಾವ ಹೊತ್ತಲ್ಲಾದರೂ ಕೋಣೆಯ ಫೋನ್‌ಗೆ ಬರಬೇಕು ಅಂತ ನಿಯಮ ಬರೆದೆ. ಎಂಟು ತಿಂಗಳು ಚೆನ್ನಾಗಿ ನಡೆಯಿತು. ಹೋದ ತಿಂಗಳು ಇದ್ದಕ್ಕಿದ್ದಂತೆ ಅಮ್ಮನ ಕರೆ ಕೋಣೆಗೆ ಬರುವುದು ನಿಂತಿತು. ಲಾಗ್ ನೋಡಿದರೆ ಅವರ ಸಂಖ್ಯೆಯ ಮುಂದೆ ಪ್ಲಸ್ ಮತ್ತು ದೇಶದ ಕೋಡ್ ಸೇರಿಕೊಂಡಿತ್ತು. ನಿಯಮದಲ್ಲೂ ಹಾಗೇ ಬರೆದೆ. ಫೋನ್ ಪರದೆಯ ಮೇಲೆ ಮೊದಲಿನ ಹಾಗೆ ಕಾಣಲಿ ಅಂತ ಎರಡನೇ ಸಾಲಿನಲ್ಲಿ ಪ್ಲಸ್, ಕೋಡ್ ಎರಡನ್ನೂ ತೆಗೆದೆ. ಈಗ ಇನ್ನೂ ವಿಚಿತ್ರವಾಗಿದೆ. ಅಮ್ಮನ ಕರೆ ಹಗಲಲ್ಲೂ ನೇರ ವಾಯ್ಸ್‌ಮೇಲ್‌ಗೆ ಹೋಗುತ್ತೆ. ಬೇರೆಯವರ ಕರೆ ಹಗಲಲ್ಲಿ ಸರಿಯಾಗಿ ಹಾಲ್‌ನಲ್ಲಿ ರಿಂಗ್ ಆಗುತ್ತೆ. ಅಮ್ಮನ ನಿಯಮದ ಮೊದಲ ಸಾಲು ಓಡಿದ್ದು ಲಾಗ್‌ನಲ್ಲಿ ಕಾಣುತ್ತೆ, ಆಮೇಲೆ ಏನಾಗುತ್ತೆ ಗೊತ್ತಾಗುತ್ತಿಲ್ಲ. ಅಮ್ಮನಿಗೆ ವಯಸ್ಸಾಗಿದೆ, ಒಬ್ಬರೇ ಇದ್ದಾರೆ. ಬೇಗ ಉತ್ತರ ಕೊಡಿ.

ಉತ್ತರ: ಮೊದಲು ಒಂದು ಮಾತು. ಈ ಉತ್ತರ ಪೂರ್ತಿ ಓದುವ ಮುಂಚೆ ಸರ್ವರ್‌ನಲ್ಲಿ ರಾತ್ರಿಯ ನಿಯಮವನ್ನು ತೆಗೆದುಹಾಕಿ. ಎಲ್ಲ ಕರೆಯೂ ಎರಡೂ ಫೋನ್‌ಗೆ ಬರಲಿ. ನಾಲ್ಕು ದಿನ ನಿದ್ದೆ ಕೆಟ್ಟರೂ ಪರವಾಗಿಲ್ಲ, ಅಮ್ಮನ ಕರೆ ತಪ್ಪಬಾರದು. ಸರಿ ಮಾಡುವುದನ್ನು ಆಮೇಲೆ ನಿಧಾನವಾಗಿ ಮಾಡೋಣ.

ನೀವು ಕಳಿಸಿದ ಸಾಲುಗಳನ್ನು ನನ್ನ ಮನೆಯ ಸರ್ವರ್‌ನಲ್ಲಿ ಹಾಕಿ ನೋಡಿದೆ. ನೀವು ಹೇಳಿದ ಹಾಗೇ ಆಯಿತು. ಬೇರೆ ಓದುಗರಿಗೂ ಅರ್ಥವಾಗಲಿ ಅಂತ ಅವನ್ನು ಮಾತಿನಲ್ಲಿ ಬರೆಯುತ್ತೇನೆ. ಅಮ್ಮನ ನಿಯಮದಲ್ಲಿ ಮೂರು ಸಾಲು. ಒಂದು, ಬಂದ ಸಂಖ್ಯೆಯನ್ನು ಲಾಗ್‌ಗೆ ಬರೆ. ಎರಡು, ಕಾಲರ್ ಐಡಿಯಿಂದ (ಕರೆಯ ಜೊತೆ ಬರುವ ಸಂಖ್ಯೆ) ಪ್ಲಸ್ ಮತ್ತು ಕೋಡ್ ತೆಗೆ. ಮೂರು, ಕೋಣೆಯ ಫೋನ್‌ಗೆ ರಿಂಗ್ ಮಾಡು. ಮಿಕ್ಕವರ ನಿಯಮದಲ್ಲೂ ಮೂರು ಸಾಲು. ಒಂದು, ಹಗಲಾಗಿದ್ದರೆ ಹಾಲ್‌ನ ಫೋನ್‌ಗೆ ಜಿಗಿ. ಎರಡು, ಲಾಗ್‌ಗೆ ಬರೆ. ಮೂರು, ವಾಯ್ಸ್‌ಮೇಲ್.

ಈಗ ಗಮನಿಸಿ. ಅಮ್ಮನ ನಿಯಮದೊಳಗೆ ಒಮ್ಮೆ ಕಾಲಿಟ್ಟ ಕರೆ ಕೊನೆಯವರೆಗೂ ಅದರಲ್ಲೇ ಇರುತ್ತೆ ಅಂತ ನೀವು ಅಂದುಕೊಂಡಿದ್ದೀರಿ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆಸ್ಟರಿಸ್ಕ್ ಹಾಗೆ ಮಾಡುವುದಿಲ್ಲ. ಪ್ರತಿ ಸಾಲು ಮುಗಿದ ಮೇಲೂ ಅದು ಮತ್ತೆ ಮೊದಲಿನಿಂದ ಹುಡುಕುತ್ತೆ: ಈ ಎಕ್ಸ್‌ಟೆನ್ಷನ್ (ಕರೆ ಬಂದು ಸೇರಿದ ಒಳಗಿನ ಹೆಸರು ಅಥವಾ ಸಂಖ್ಯೆ), ಈ ಕಾಲರ್ ಐಡಿ, ಮುಂದಿನ ಸಾಲಿನ ಸಂಖ್ಯೆ, ಈ ಮೂರಕ್ಕೂ ಹೊಂದುವ ಸಾಲು ಯಾವುದು? ದೇವಸ್ಥಾನದ ಪ್ರತಿ ಬಾಗಿಲಲ್ಲೂ ಹೊಸದಾಗಿ ಚೀಟಿ ತೋರಿಸಬೇಕಾದ ಹಾಗೆ. ಮೊದಲ ಬಾಗಿಲಲ್ಲಿ ಚೀಟಿ ಸರಿ ಇತ್ತು. ಎರಡನೇ ಬಾಗಿಲಲ್ಲಿ ನೀವೇ ಚೀಟಿಯ ಮೇಲಿನ ಸಂಖ್ಯೆಯನ್ನು ಬದಲಾಯಿಸಿದಿರಿ. ಮೂರನೇ ಬಾಗಿಲಿಗೆ ಬಂದಾಗ ಆ ಸಂಖ್ಯೆಯಲ್ಲಿ ಪ್ಲಸ್ ಇಲ್ಲ. ಪ್ಲಸ್ ಇರುವ ಸಂಖ್ಯೆಗೆ ಅಂತ ಬರೆದ ಅಮ್ಮನ ನಿಯಮ ಇನ್ನು ಹೊಂದುವುದಿಲ್ಲ. ಹಾಗಾದರೆ ಯಾವುದು ಹೊಂದುತ್ತೆ? ಯಾರಿಗಾದರೂ ಆಗುವ ಸಾಮಾನ್ಯ ನಿಯಮ. ಅದರ ಎಷ್ಟನೇ ಸಾಲು? ಮೂರನೆಯದು. ಅಂದರೆ ವಾಯ್ಸ್‌ಮೇಲ್.

ಹಗಲೋ ರಾತ್ರಿಯೋ ನೋಡುವ ಕೆಲಸ ಸಾಮಾನ್ಯ ನಿಯಮದ ಮೊದಲ ಸಾಲಿನಲ್ಲಿದೆ. ಅಮ್ಮನ ಕರೆ ಆ ಸಾಲನ್ನು ಮುಟ್ಟಲೇ ಇಲ್ಲ. ಪಕ್ಕದ ದಾರಿಯಿಂದ ಬಂದು ಮೂರನೇ ಸಾಲಿಗೆ ಬಿತ್ತು. ಅದಕ್ಕೇ ಹಗಲಲ್ಲೂ ವಾಯ್ಸ್‌ಮೇಲ್. ನಿಮ್ಮ ಪತ್ರದಲ್ಲಿ ನನಗೆ ಸುಳಿವು ಕೊಟ್ಟಿದ್ದು ಇದೇ ವಿವರ. ಸುಮ್ಮನೆ ‘ಅಮ್ಮನ ಕರೆ ಬರುತ್ತಿಲ್ಲ’ ಅಂತ ಬರೆದಿದ್ದರೆ ನಾನೂ ಪ್ಲಸ್ ಗುರುತಿನ ಹಿಂದೆಯೇ ಓಡುತ್ತಿದ್ದೆ. ಯಾರ ಕರೆ, ಯಾವ ಹೊತ್ತಿನಲ್ಲಿ, ಎಲ್ಲಿಗೆ ಹೋಯಿತು ಅನ್ನೋದನ್ನು ಇಷ್ಟು ಸ್ಪಷ್ಟವಾಗಿ ಬರೆದಿದ್ದಕ್ಕೆ ನಿಮಗೆ ಧನ್ಯವಾದ.

ನಂಬಿಕೆ ಬರಬೇಕಾದರೆ ಹೀಗೆ ಮಾಡಿ. ಆಸ್ಟರಿಸ್ಕ್ ಕನ್ಸೋಲ್ (ಆಜ್ಞೆ ಕೊಡುವ ಪರದೆ) ತೆರೆದು ವರ್ಬೋಸ್ ಮಟ್ಟವನ್ನು, ಅಂದರೆ ಎಷ್ಟು ವಿವರ ತೋರಿಸಬೇಕು ಅನ್ನೋದನ್ನು, 3 ಅಥವಾ ಅದಕ್ಕಿಂತ ಮೇಲೆ ಇಡಿ. ಅಮ್ಮನಿಗೆ ಹೇಳಿ ಒಂದು ಕರೆ ಮಾಡಿಸಿ. ಓಡಿದ ಪ್ರತಿ ಸಾಲೂ ಅಲ್ಲಿ ಒಂದೊಂದಾಗಿ ಬೀಳುತ್ತೆ. ಜೊತೆಗೆ ಕಂಟೆಕ್ಸ್ಟ್ (ನಿಯಮಗಳ ಗುಂಪು) ಹೆಸರು, ಎಕ್ಸ್‌ಟೆನ್ಷನ್, ಸಾಲಿನ ಸಂಖ್ಯೆ ಇರುತ್ತೆ. 1, 2, 3 ಅಂತ ಸಂಖ್ಯೆ ಸರಿಯಾಗೇ ಹೋಗುತ್ತೆ, ಆದರೆ ಮೂರರ ಎದುರಿಗೆ ರಿಂಗ್ ಮಾಡುವ ಆಜ್ಞೆ ಇರಬೇಕಾದ ಕಡೆ ವಾಯ್ಸ್‌ಮೇಲ್ ಅಂತ ಇರುತ್ತೆ. ಎಕ್ಸ್‌ಟೆನ್ಷನ್ ಹೆಸರು ಎರಡು ನಿಯಮಕ್ಕೂ ಒಂದೇ, ‘ಎಸ್’. ಅದಕ್ಕೇ ಮೇಲ್ನೋಟಕ್ಕೆ ಕರೆ ದಾರಿ ಬದಲಿಸಿದ್ದು ಗೊತ್ತಾಗುವುದಿಲ್ಲ. ನಾನು ಇದನ್ನು ಮೊದಲ ಸಲ ನೋಡಿದಾಗ ಅರ್ಧ ದಿನ ಆ ಮೂರು ಸಾಲುಗಳನ್ನೇ ನೋಡುತ್ತಾ ಕೂತಿದ್ದೆ.

ಸರಿ ಮಾಡುವುದು ಹೇಗೆ? ಎರಡು ದಾರಿ ಇವೆ. ಮೊದಲನೆಯದು, ಸಂಖ್ಯೆಯನ್ನು ಸರಿ ಮಾಡುವ ಕೆಲಸವನ್ನು ಅಮ್ಮನ ನಿಯಮದಿಂದ ಹೊರಗೆ ತಂದು, ಎಲ್ಲ ಕರೆಗೂ ಮೊದಲೇ ಒಂದು ಕಡೆ ಮಾಡುವುದು. ಆಮೇಲೆ ಗೋಟೂ (ಜಿಗಿಯುವ ಆಜ್ಞೆ) ಹಾಕಿ ಬೇರೆ ಕಂಟೆಕ್ಸ್ಟ್‌ಗೆ ಕಳಿಸುವುದು. ನಿಯಮಗಳೆಲ್ಲ ಆ ಎರಡನೇ ಕಂಟೆಕ್ಸ್ಟ್‌ನಲ್ಲಿ ಇರಲಿ, ಅಲ್ಲಿಗೆ ಹೋದ ಮೇಲೆ ಕಾಲರ್ ಐಡಿಯನ್ನು ಯಾರೂ ಮುಟ್ಟಬಾರದು.

ನನಗೆ ಎರಡನೇ ದಾರಿಯೇ ಇಷ್ಟ. ಕಾಲರ್ ಐಡಿಯನ್ನು ಬದಲಾಯಿಸಲೇಬೇಡಿ. ಅದರ ಒಂದು ನಕಲು ತೆಗೆದು ನಿಮ್ಮದೇ ವೇರಿಯಬಲ್‌ನಲ್ಲಿ (ಮೌಲ್ಯ ಇಡಲು ಹೆಸರು ಕೊಟ್ಟ ಜಾಗ) ಇಟ್ಟುಕೊಳ್ಳಿ, ನಿರ್ಧಾರವನ್ನೆಲ್ಲ ಆ ನಕಲಿನ ಮೇಲೆ ಮಾಡಿ. ನಕಲನ್ನು ತೊಳೆಯುವುದು ಸುಲಭ. ಫಿಲ್ಟರ್ ಅನ್ನುವ ಫಂಕ್ಷನ್‌ಗೆ 0ಯಿಂದ 9 ಮಾತ್ರ ಇರಲಿ ಅಂತ ಹೇಳಿದರೆ ಪ್ಲಸ್, ಅಡ್ಡಗೆರೆ, ಖಾಲಿ ಜಾಗ, ಅಕ್ಷರ ಎಲ್ಲ ಉದುರಿಹೋಗುತ್ತೆ. ಆಮೇಲೆ ಕೊನೆಯ ಕೆಲವು ಅಂಕಿ ಮಾತ್ರ ತೆಗೆದುಕೊಳ್ಳಿ. ನಿಮ್ಮ ದೇಶದಲ್ಲಿ ಫೋನ್ ಸಂಖ್ಯೆ 10 ಅಂಕಿಯದಾದರೆ, ವೇರಿಯಬಲ್ ಹೆಸರಿನ ಪಕ್ಕದಲ್ಲೇ ಕೋಲನ್, ಮೈನಸ್, 10 ಅಂತ ಬರೆದರೆ ಸಾಕು, ಕೊನೆಯ 10 ಉಳಿಯುತ್ತೆ. ಸಂಖ್ಯೆ ಅದಕ್ಕಿಂತ ಚಿಕ್ಕದಿದ್ದರೆ ಪೂರ್ತಿಯಾಗಿ ಹಾಗೇ ಉಳಿಯುತ್ತೆ. ಹಾಗಾಗಿ ಮನೆಯೊಳಗಿನ ಮೂರಂಕಿಯ ಎಕ್ಸ್‌ಟೆನ್ಷನ್‌ಗೆ ತೊಂದರೆ ಇಲ್ಲ.

ನಕಲಿನ ಮೇಲೆ ಕೆಲಸ ಮಾಡಿ ಅಂತ ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಅಂತರರಾಷ್ಟ್ರೀಯ ಸಂಖ್ಯೆ ದೇಶದ ಕೋಡ್ ಸೇರಿ 15 ಅಂಕಿಯವರೆಗೂ ಇರಬಹುದು. ನಿಜವಾದ ಕಾಲರ್ ಐಡಿಯನ್ನೇ 10 ಅಂಕಿಗೆ ಕತ್ತರಿಸಿದರೆ ಹೊರದೇಶದಿಂದ ಬಂದ ಮಿಸ್ಡ್ ಕಾಲ್‌ಗೆ ವಾಪಸ್ ಕರೆ ಮಾಡಲು ಆಗುವುದಿಲ್ಲ. ಮಗಳೋ ತಮ್ಮನೋ ದೂರದ ದೇಶದಲ್ಲಿದ್ದರೆ ಇದು ದೊಡ್ಡ ನಷ್ಟ ಅಲ್ವಾ? ನಕಲನ್ನು ಎಷ್ಟು ಬೇಕಾದರೂ ಕತ್ತರಿಸಿ, ಮೂಲ ಹಾಗೇ ಇರಲಿ.

ಇನ್ನು ಖಾಲಿ ಸಂಖ್ಯೆಯ ವಿಷಯ. ಸಂಖ್ಯೆ ತೋರಿಸದೆ ಕರೆ ಮಾಡುವವರು ಇರುತ್ತಾರೆ. ಇಂಟರ್‌ನೆಟ್ ಲೈನ್‌ನಲ್ಲಿ ಅಂಥ ಕರೆ ಬಂದಾಗ ಸಂಖ್ಯೆಯ ಜಾಗದಲ್ಲಿ ಸಾಮಾನ್ಯವಾಗಿ ‘ಅನಾನಿಮಸ್’ ಅನ್ನುವ ಪದ ಇರುತ್ತೆ. ಫಿಲ್ಟರ್ ಮಾಡಿದ ಮೇಲೆ ನಿಮ್ಮ ನಕಲು ಖಾಲಿಯಾಗುತ್ತೆ. ಹೋಲಿಸುವ ಸಾಲಿನಲ್ಲಿ ಎರಡೂ ಕಡೆ ಡಬಲ್ ಕೋಟ್ ಹಾಕದಿದ್ದರೆ, ಖಾಲಿ ಬಂದಾಗ ಸಮ ಚಿಹ್ನೆಯ ಎಡಗಡೆ ಏನೂ ಇರುವುದಿಲ್ಲ. ಆಸ್ಟರಿಸ್ಕ್ ಸಿಂಟ್ಯಾಕ್ಸ್ ಎರರ್ ಅಂತ ಲಾಗ್‌ನಲ್ಲಿ ಗೊಣಗುತ್ತೆ, ಹೋಲಿಕೆ ನಡೆಯುವುದಿಲ್ಲ. ಹಾಗಾಗಿ ಕೋಟ್ ಮರೆಯಬೇಡಿ. ‘ನಕಲು ಖಾಲಿಯೇ?’ ಅನ್ನುವ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಿ.

ನನ್ನ ಮನೆಯಲ್ಲಿ ಯಾರ ಸಂಖ್ಯೆಯನ್ನೂ ಡಯಲ್‌ಪ್ಲಾನ್‌ನಲ್ಲಿ (ನಿಯಮ ಬರೆಯುವ ಫೈಲ್) ಬರೆದಿಲ್ಲ. ಆಸ್ಟರಿಸ್ಕ್ ಒಳಗೇ ಒಂದು ಪುಟ್ಟ ಡೇಟಾಬೇಸ್ ಇದೆ. ಅದರಲ್ಲಿ ಮನೆಯವರ ಹೆಸರಿನಲ್ಲಿ ಒಂದು ಗುಂಪು ಮಾಡಿ, ತೊಳೆದ ಸಂಖ್ಯೆಯನ್ನು ಕೀಲಿಯಾಗಿ, ಯಾವ ಫೋನ್‌ಗೆ ಹೋಗಬೇಕು ಅನ್ನೋದನ್ನು ಮೌಲ್ಯವಾಗಿ ಇಟ್ಟಿದ್ದೇನೆ. ಕರೆ ಬಂದಾಗ ಒಂದೇ ಸಾಲು: ಈ ಸಂಖ್ಯೆ ಆ ಗುಂಪಿನಲ್ಲಿ ಇದೆಯೇ? ಇದ್ದರೆ ಅಲ್ಲಿ ಬರೆದ ಫೋನ್‌ಗೆ ಕಳಿಸು. ಹೊಸಬರನ್ನು ಸೇರಿಸಬೇಕಾದರೆ ಕನ್ಸೋಲ್‌ನಲ್ಲಿ ಒಂದು ಆಜ್ಞೆ ಕೊಟ್ಟರೆ ಆಯಿತು. ಫೈಲ್ ತೆರೆಯುವುದು ಬೇಡ, ರೀಲೋಡ್ ಬೇಡ, ಅಲ್ಲಿಲ್ಲಿ ಅಲ್ಪವಿರಾಮ ಬಿಟ್ಟುಹೋಗುವ ಭಯ ಬೇಡ.

ನೀವು ಕೇಳದೇ ಇದ್ದ ಒಂದು ಮಾತನ್ನೂ ಹೇಳಬೇಕು. ಮೂರು ವರ್ಷದ ಹಿಂದೆ ನನಗೆ ಲೈನ್ ಕೊಡುವ ಸಂಸ್ಥೆ ಒಂದು ಸಂಜೆ ಸಂಖ್ಯೆ ಕಳಿಸುವ ರೀತಿಯನ್ನು ಬದಲಾಯಿಸಿತು. ನಿಮಗೆ ಆದ ಹಾಗೇ, ಹೇಳದೆ ಕೇಳದೆ. ಆ ರಾತ್ರಿ ನಮ್ಮ ಅತ್ತೆ ಬಾತ್‌ರೂಮಿನಲ್ಲಿ ಜಾರಿ ಬಿದ್ದು, ಮೊಬೈಲ್ ಕೈಗೆ ಸಿಕ್ಕ ಮೇಲೆ ಮೂರು ಸಲ ಕರೆ ಮಾಡಿದ್ದರು. ಮೂರೂ ವಾಯ್ಸ್‌ಮೇಲ್‌ಗೆ ಹೋದವು. ಬೆಳಿಗ್ಗೆ ಆರೂವರೆಗೆ ಕೆಂಪು ದೀಪ ಮಿನುಗುತ್ತಿರುವುದನ್ನು ನೋಡಿ ಕೇಳಿಸಿಕೊಂಡೆ. ಮೂರನೇ ಸಂದೇಶದಲ್ಲಿ ಅವರ ಮಾತೇ ಇರಲಿಲ್ಲ, ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಇತ್ತು. ಅಷ್ಟರಲ್ಲಿ ಪಕ್ಕದ ಮನೆಯವರು ಅವರನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ದಿದ್ದರು. ಕೈಮೂಳೆ ಮುರಿದಿತ್ತು. ಅತ್ತೆ ಈಗ ಚೆನ್ನಾಗಿದ್ದಾರೆ.

ಆ ಬೆಳಿಗ್ಗೆಯೇ ನಾನು ನನ್ನ ನಿಯಮಗಳ ದಿಕ್ಕು ಬದಲಾಯಿಸಿದೆ. ಮೊದಲು ‘ಗುರುತಿನವರು ಮಾತ್ರ ಒಳಗೆ, ಮಿಕ್ಕವರು ವಾಯ್ಸ್‌ಮೇಲ್‌ಗೆ’ ಅಂತ ಇತ್ತು. ಈಗ ರಾತ್ರಿ ಗುರುತು ಸಿಗದ ಕರೆಗೆ ಒಂದು ಚಿಕ್ಕ ಮಾತು ಕೇಳಿಸುತ್ತೆ: ‘ತುರ್ತಾಗಿದ್ದರೆ 1 ಒತ್ತಿ.’ ಒತ್ತಿದರೆ ಕೋಣೆಯ ಫೋನ್ ಬಡಿದುಕೊಳ್ಳುತ್ತೆ. ಇಡೀ ಊರಿಗೆ ತಾನಾಗಿ ಕರೆ ಮಾಡುವ ಯಂತ್ರಗಳು ಹೆಚ್ಚಾಗಿ 1 ಒತ್ತುವುದಿಲ್ಲ. ಕಷ್ಟದಲ್ಲಿರುವ ಮನುಷ್ಯ ಒತ್ತುತ್ತಾನೆ. ನಿಮ್ಮ ಅಮ್ಮನಿಗೆ ಏನಾದರೂ ಆದರೆ ಅವರು ತಮ್ಮದೇ ಫೋನ್‌ನಿಂದ ಕರೆ ಮಾಡುತ್ತಾರೆ ಅಂತ ಯಾರು ಹೇಳಿದರು? ಪಕ್ಕದ ಮನೆಯವರ ಮೊಬೈಲಿನಿಂದ ಮಾಡಬಹುದು. ಆಸ್ಪತ್ರೆಯ ಬೋರ್ಡ್ ಸಂಖ್ಯೆಯಿಂದ ಬರಬಹುದು. ಕಾಲರ್ ಐಡಿಯಲ್ಲಿ ಇರುವುದು ಫೋನಿನ ಗುರುತು, ಮನುಷ್ಯನ ಗುರುತಲ್ಲ. ದಯವಿಟ್ಟು ಆ ಒಂದು ಬಾಗಿಲನ್ನು ತೆರೆದಿಡಿ.

ಎಲ್ಲ ಬರೆದಾದ ಮೇಲೆ ಅಮ್ಮನನ್ನು ಮತ್ತೆ ಮತ್ತೆ ಕರೆ ಮಾಡಿಸಿ ದಣಿಸಬೇಡಿ. ಮೊಬೈಲ್‌ನಲ್ಲಿ ಒಂದು ಸಾಫ್ಟ್‌ಫೋನ್ (ಸರ್ವರ್‌ಗೆ ಸೇರುವ ಫೋನ್ ಆ್ಯಪ್) ಹಾಕಿ, ಸರ್ವರ್‌ನಲ್ಲಿ ಅದಕ್ಕೆ ಅಮ್ಮನ ಸಂಖ್ಯೆಯನ್ನೇ ಕಾಲರ್ ಐಡಿಯಾಗಿ ಕೊಡಿ. ಒಂದು ಪರೀಕ್ಷೆಯ ಎಕ್ಸ್‌ಟೆನ್ಷನ್ ಮಾಡಿ, ಅದನ್ನು ಒತ್ತಿದರೆ ಕರೆ ಹೊರಗಿನಿಂದ ಬಂದ ಹಾಗೆ ಮೊದಲ ಕಂಟೆಕ್ಸ್ಟ್‌ಗೆ ಹೋಗುವಂತೆ ಮಾಡಿ. ಪ್ಲಸ್ ಸೇರಿಸಿ ಒಂದು ಸಲ, ಎರಡು ಸೊನ್ನೆ ಸೇರಿಸಿ ಒಂದು ಸಲ, ಒಂದು ಸೊನ್ನೆ ಸೇರಿಸಿ ಒಂದು ಸಲ, ಬರಿಯ ಸಂಖ್ಯೆ ಒಂದು ಸಲ, ‘ಅನಾನಿಮಸ್’ ಅನ್ನುವ ಪದ ಹಾಕಿ ಒಂದು ಸಲ. ಐದೂ ಸರಿಯಾದ ಜಾಗಕ್ಕೆ ಹೋದ ಮೇಲೆ ಮಾತ್ರ ರಾತ್ರಿಯ ನಿಯಮವನ್ನು ವಾಪಸ್ ಹಾಕಿ. ಕೊನೆಗೆ ಅಮ್ಮನಿಂದ ಒಂದೇ ಒಂದು ನಿಜವಾದ ಕರೆ. ರಾತ್ರಿ 10 ದಾಟಿದ ಮೇಲೆ.

ಪ್ರಶ್ನೆ: ನಮ್ಮದು ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನ್. ಅದನ್ನು ಒಂದು ಅಡಾಪ್ಟರ್ ಮೂಲಕ ಸರ್ವರ್‌ಗೆ ಸೇರಿಸಿದ್ದೇನೆ. ಪರದೆ ಇರುವ ಹಳೆಯ ಫೋನ್ ಅನ್ನು ನೇರ ಲೈನ್‌ಗೆ ಹಾಕಿದರೆ ಸಂಖ್ಯೆ ಕಾಣುತ್ತೆ. ಸರ್ವರ್‌ಗೆ ಮಾತ್ರ ಪ್ರತಿ ಕರೆಯೂ ಸಂಖ್ಯೆ ಇಲ್ಲದೆ ಬರುತ್ತೆ. ನಿಯಮ ಎಷ್ಟು ತಿದ್ದಿದರೂ ಪ್ರಯೋಜನ ಆಗಲಿಲ್ಲ.

ಉತ್ತರ: ನಿಯಮ ತಿದ್ದುವುದನ್ನು ನಿಲ್ಲಿಸಿ. ಸರ್ವರ್‌ಗೆ ಸಂಖ್ಯೆಯೇ ತಲುಪದಿದ್ದಾಗ ನಿಯಮ ಏನು ಮಾಡೀತು?

ನಾನು ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕೆಲಸ ಮಾಡಿದವಳು. ತಾಮ್ರದ ಲೈನ್‌ನಲ್ಲಿ ಸಂಖ್ಯೆ ಹೇಗೆ ಬರುತ್ತೆ ಅನ್ನೋದನ್ನು ಕಿವಿಯಿಂದಲೇ ಕೇಳಿದ್ದೇನೆ. ಲೈನ್‌ಮನ್‌ಗಳ ಟೆಸ್ಟ್ ಫೋನ್‌ನಲ್ಲಿ ಕರೆ ಎತ್ತದೆ ಸುಮ್ಮನೆ ಲೈನ್ ಕೇಳುವ ಸ್ವಿಚ್ ಇರುತ್ತೆ. ಅದನ್ನು ಹಾಕಿ ಕಿವಿಗಿಟ್ಟುಕೊಂಡರೆ ಮೊದಲ ರಿಂಗ್ ಮುಗಿದು ಅರ್ಧ ಸೆಕೆಂಡ್ ಮೌನ. ಆಮೇಲೆ ‘ಕ್ರ್ರ್ರ್’ ಅಂತ ಒಂದು ಚಿಕ್ಕ ಸದ್ದು, ಕೀಟ ಕೂಗಿದ ಹಾಗೆ. ಮತ್ತೆ ಮೌನ. ಆಮೇಲೆ ಎರಡನೇ ರಿಂಗ್. ಆ ಸದ್ದಿನೊಳಗೇ ತಾರೀಖು, ಸಮಯ, ಕರೆ ಮಾಡಿದವರ ಸಂಖ್ಯೆ ಎಲ್ಲ ಇದೆ, ಸೆಕೆಂಡಿಗೆ 1200 ಬಿಟ್ ವೇಗದಲ್ಲಿ. ಕರೆ ಮಾಡಿದವರು ಸಂಖ್ಯೆ ಮುಚ್ಚಿಟ್ಟಿದ್ದರೆ ಅದರ ಬದಲಿಗೆ ‘ಪಿ’ ಅನ್ನುವ ಅಕ್ಷರ ಬರುತ್ತೆ, ಸಂಖ್ಯೆ ಸಿಗದ ಕಡೆಯಿಂದ ಬಂದಿದ್ದರೆ ‘ಓ’ ಅನ್ನುವ ಅಕ್ಷರ. ಕೊನೆಯಲ್ಲಿ ಚೆಕ್‌ಸಮ್, ಅಂದರೆ ಸಂದೇಶ ಸರಿಯಾಗಿ ಬಂತೇ ಅಂತ ನೋಡುವ ಲೆಕ್ಕ, ಇರುತ್ತೆ. ಲೈನ್‌ನಲ್ಲಿ ಗರಗರ ಇದ್ದು ಒಂದು ಬಿಟ್ ಕೆಟ್ಟರೂ ಲೆಕ್ಕ ತಾಳೆಯಾಗುವುದಿಲ್ಲ. ಪೂರ್ತಿ ಸಂದೇಶವೇ ಕಸದ ಬುಟ್ಟಿಗೆ.

ಇಷ್ಟು ತಿಳಿದರೆ ನಿಮ್ಮ ತೊಂದರೆ ಎಲ್ಲಿದೆ ಅಂತ ಹುಡುಕುವುದು ಸುಲಭ. ಅಡಾಪ್ಟರ್ ಮೊದಲ ರಿಂಗ್ ಬಂದ ಕೂಡಲೇ ಲೈನ್ ಎತ್ತಿದರೆ ಆ ಸದ್ದು ಬರುವುದೇ ಇಲ್ಲ. ಅಡಾಪ್ಟರ್‌ನ ಸೆಟ್ಟಿಂಗ್‌ನಲ್ಲಿ ಲೈನ್ ಎತ್ತುವ ಮುಂಚೆ ಎಷ್ಟು ಸೆಕೆಂಡ್ ಕಾಯಬೇಕು ಅನ್ನುವ ಜಾಗ ಇರುತ್ತೆ. ಅಮೆರಿಕದ ರೀತಿಯಲ್ಲಿ 2 ಸೆಕೆಂಡ್ ರಿಂಗ್, 4 ಸೆಕೆಂಡ್ ಮೌನ. ಅಲ್ಲಿ 1 ಸೆಕೆಂಡ್ ಅಂತ ಇಟ್ಟರೆ ಸಂಖ್ಯೆ ಸಿಗುವ ಮಾತೇ ಇಲ್ಲ. ಎರಡನೇ ರಿಂಗ್ ಶುರುವಾಗುವವರೆಗೆ ಕಾಯುವಂತೆ ಇಡಿ. ಕರೆ ಮಾಡಿದವರಿಗೆ ಒಂದು ರಿಂಗ್ ಜಾಸ್ತಿ ಕೇಳಿಸುತ್ತೆ, ಅಷ್ಟೇ. ಅಡಾಪ್ಟರ್ ಬದಲು ಸರ್ವರ್‌ನಲ್ಲೇ ಕಾರ್ಡ್ ಹಾಕಿದವರು ಡಾಡಿ (ಆ ಕಾರ್ಡ್ ನಡೆಸುವ ತಂತ್ರಾಂಶ) ಫೈಲ್‌ನಲ್ಲಿ ‘ಇಮ್ಮೀಡಿಯೆಟ್’ ಅನ್ನುವ ಸಾಲು ‘ನೋ’ ಅಂತ ಇದೆಯೇ ನೋಡಿ.

ಕಾಯುವ ಸಮಯ ಸರಿ ಇದ್ದೂ ಸಂಖ್ಯೆ ಬರದಿದ್ದರೆ, ಸಂಖ್ಯೆ ಕಳಿಸುವ ರೀತಿಯೇ ಬೇರೆ ಇರಬೇಕು. ಮೇಲೆ ಹೇಳಿದ್ದು ಅಮೆರಿಕದ ಬೆಲ್ ರೀತಿ. ಬ್ರಿಟನ್‌ನಲ್ಲಿ ರಿಂಗ್ ಬರುವುದಕ್ಕೂ ಮೊದಲೇ ಲೈನ್‌ನ ಪ್ಲಸ್ ಮೈನಸ್ ಅದಲುಬದಲಾಗಿ, ವಿ.23 ಅನ್ನುವ ರೀತಿಯಲ್ಲಿ ಸಂಖ್ಯೆ ಬರುತ್ತೆ. ಡೆನ್ಮಾರ್ಕ್, ಸ್ವೀಡನ್, ನೆದರ್ಲೆಂಡ್ಸ್‌ಗಳಲ್ಲಿ ನಾವು ಗುಂಡಿ ಒತ್ತಿದಾಗ ಕೇಳುವ ಡಿಟಿಎಂಎಫ್ ಸ್ವರಗಳಲ್ಲೇ ಕಳಿಸುತ್ತಾರೆ. ಭಾರತದ ಲೈನ್‌ಗಳಿಗಂತೂ ಡಾಡಿಯಲ್ಲಿ ಬೇರೆಯೇ ಒಂದು ಸೆಟ್ಟಿಂಗ್ ಇದೆ: ಸ್ವರ ಶುರುವಾಗುವುದು ಲೈನ್ ಅದಲುಬದಲಾದಾಗ, ಸಂಖ್ಯೆ ಬರುವುದು ಡಿಟಿಎಂಎಫ್‌ನಲ್ಲಿ. ಅಡಾಪ್ಟರ್‌ಗಳಲ್ಲಿ ಇದು ಪ್ರಾದೇಶಿಕ ಸೆಟ್ಟಿಂಗ್‌ಗಳ ಪುಟದಲ್ಲಿ ಇರುತ್ತೆ. ಒಂದೊಂದಾಗಿ ಬದಲಾಯಿಸಿ, ಪ್ರತಿ ಸಲ ಒಂದು ಕರೆ ಮಾಡಿಸಿ ನೋಡಿ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಅದೇ ತಂತಿಯಲ್ಲಿ ಇಂಟರ್‌ನೆಟ್ ಕೂಡ ಬರುತ್ತಿದ್ದರೆ, ಅಡಾಪ್ಟರ್‌ನ ಮುಂದೆ ಡಿಎಸ್ಎಲ್ ಫಿಲ್ಟರ್ (ಇಂಟರ್‌ನೆಟ್‌ನ ಸದ್ದನ್ನು ಫೋನ್‌ನಿಂದ ದೂರ ಇಡುವ ಡಬ್ಬಿ) ಇದೆಯೇ ಅಂತ ಇವತ್ತೇ ನೋಡಿ. ಕೊನೆಯದಾಗಿ, ಅಡಾಪ್ಟರ್‌ಗೆ ಸಂಖ್ಯೆ ಸಿಕ್ಕರೂ ಅದನ್ನು ಸರ್ವರ್‌ಗೆ ದಾಟಿಸುವ ಆಯ್ಕೆ ಬೇರೆ ಇರುತ್ತೆ. ಲ್ಯಾಂಡ್‌ಲೈನ್‌ನ ಕಾಲರ್ ಐಡಿಯನ್ನು ಇಂಟರ್‌ನೆಟ್ ಕರೆಯ ಕಾಲರ್ ಐಡಿಯಾಗಿ ಬಳಸು ಅನ್ನುವ ಅರ್ಥದ ಸಾಲು. ಅದು ‘ಯೆಸ್’ ಅಂತ ಇರಲಿ.

ಪ್ರಶ್ನೆ: ನಾನು ಫ್ರೀಪಿಬಿಎಕ್ಸ್ (ಆಸ್ಟರಿಸ್ಕ್ ಅನ್ನು ಪರದೆಯ ಮೇಲೆ ನಡೆಸುವ ತಂತ್ರಾಂಶ) ಬಳಸುತ್ತೇನೆ. ಫೈಲ್ ಬರೆಯುವುದು ಗೊತ್ತಿಲ್ಲ, ಎಲ್ಲ ಪರದೆಯ ಮೇಲೇ ಮಾಡುತ್ತೇನೆ. ನಮ್ಮ ಸಂಖ್ಯೆಗೆ ಒಂದು ಇನ್‌ಬೌಂಡ್ ರೂಟ್ (ಒಳಬರುವ ಕರೆಯ ದಾರಿ) ಇದೆ. ಅಕ್ಕನ ಸಂಖ್ಯೆ ಹಾಕಿ ಇನ್ನೊಂದು ರೂಟ್ ಮಾಡಿದೆ. ಅಕ್ಕ ಕರೆ ಮಾಡಿದರೂ ಹಳೆಯ ರೂಟ್‌ಗೇ ಹೋಗುತ್ತೆ. ಸಂಖ್ಯೆ ಅಂಕಿ ಅಂಕಿಯಾಗಿ ಹೋಲಿಸಿದೆ, ಸರಿಯಾಗೇ ಇದೆ.

ಉತ್ತರ: ಅಕ್ಕನ ರೂಟ್‌ನಲ್ಲಿ ಡಿಐಡಿ (ಕರೆ ಮಾಡಿದವರು ಒತ್ತಿದ ನಿಮ್ಮ ಸಂಖ್ಯೆ) ಜಾಗವನ್ನು ಖಾಲಿ ಬಿಟ್ಟಿದ್ದೀರಿ, ಅಲ್ವಾ? ಅದೇ ಕಾರಣ. ಫ್ರೀಪಿಬಿಎಕ್ಸ್ ಮೊದಲು ಡಿಐಡಿ ಮತ್ತು ಕಾಲರ್ ಐಡಿ ಎರಡೂ ಇರುವ ರೂಟ್ ನೋಡುತ್ತೆ. ಆಮೇಲೆ ಡಿಐಡಿ ಮಾತ್ರ ಇರುವುದು. ಕಾಲರ್ ಐಡಿ ಮಾತ್ರ ಇರುವ ರೂಟ್‌ನ ಸರದಿ ಅದಾದ ಮೇಲೆ. ನಿಮ್ಮ ಹಳೆಯ ರೂಟ್‌ನಲ್ಲಿ ಡಿಐಡಿ ಇರುವುದರಿಂದ ಅದೇ ಕರೆಯನ್ನು ಎಳೆದುಕೊಳ್ಳುತ್ತೆ, ಅಕ್ಕನ ರೂಟ್‌ಗೆ ಸರದಿಯೇ ಬರುವುದಿಲ್ಲ.

ಅಕ್ಕನ ರೂಟ್‌ನಲ್ಲೂ ನಿಮ್ಮ ಸಂಖ್ಯೆಯನ್ನು ಡಿಐಡಿ ಜಾಗದಲ್ಲಿ ತುಂಬಿದರೆ ಮುಗಿಯಿತು. ಹಳೆಯ ರೂಟ್‌ನಲ್ಲಿ ಅದನ್ನು ಹೇಗೆ ಬರೆದಿದ್ದೀರೋ ಅಕ್ಷರಶಃ ಹಾಗೇ ಬರೆಯಿರಿ. ಒಂದಕ್ಕಿಂತ ಜಾಸ್ತಿ ಲೈನ್ ಇದ್ದು, ಯಾವ ಲೈನ್‌ಗೆ ಬಂದರೂ ಅಕ್ಕನ ಕರೆ ಒಂದೇ ಕಡೆ ಹೋಗಬೇಕಾದರೆ ಡಿಐಡಿ ಖಾಲಿ ಇರಲಿ, ಬದಲಿಗೆ ಸಿಐಡಿ (ಕಾಲರ್ ಐಡಿ) ಪ್ರಯಾರಿಟಿ ರೂಟ್ ಅನ್ನುವ ಆಯ್ಕೆಯನ್ನು ಹಾಕಿ. ಸಬ್‌ಮಿಟ್ ಒತ್ತಿದ ಮೇಲೆ ಮೇಲ್ಗಡೆಯ ಕೆಂಪು ಅಪ್ಲೈ ಗುಂಡಿಯನ್ನೂ ಒತ್ತಬೇಕು.

ಇಂಟರ್‌ನೆಟ್ ಲೈನ್ ಇರುವವರಿಗೆ ಇದರ ಜೊತೆ ಇನ್ನೆರಡು ಮಾತು. ಟ್ರಂಕ್‌ನ (ಹೊರಗಿನ ಲೈನ್‌ನ) ಸೆಟ್ಟಿಂಗ್‌ನಲ್ಲಿ ಯಾರೋ ಕಾಲರ್ ಐಡಿ ಅಂತ ನಿಮ್ಮದೇ ಸಂಖ್ಯೆಯನ್ನು ಬರೆದಿಟ್ಟಿದ್ದರೆ, ಹೊರಗಿನಿಂದ ಬರುವ ಪ್ರತಿ ಕರೆಯ ಮೇಲೂ ಅದೇ ಅಂಟಿಕೊಳ್ಳಬಹುದು. ಯಾರು ಕರೆ ಮಾಡಿದರೂ ಒಂದೇ ಸಂಖ್ಯೆ ಕಾಣುತ್ತಿದ್ದರೆ ಮೊದಲು ಇದನ್ನೇ ಹುಡುಕಿ. ಇನ್ನೊಂದು, ಕೆಲವು ಸಂಸ್ಥೆಗಳು ನಿಜವಾದ ಸಂಖ್ಯೆಯನ್ನು ಫ್ರಮ್ ಹೆಡರ್‌ನಲ್ಲಿ (ಕರೆಯ ಜೊತೆ ಬರುವ ವಿವರದ ಸಾಲು) ಕಳಿಸದೆ ಪಿ-ಅಸರ್ಟೆಡ್-ಐಡೆಂಟಿಟಿ ಅನ್ನುವ ಬೇರೆ ಹೆಡರ್‌ನಲ್ಲಿ ಕಳಿಸುತ್ತವೆ. ಪಿಜೆಸಿಪ್‌ನಲ್ಲಿ (ಆಸ್ಟರಿಸ್ಕ್‌ನಲ್ಲಿ ಇಂಟರ್‌ನೆಟ್ ಕರೆ ನೋಡಿಕೊಳ್ಳುವ ಭಾಗ) ‘ಟ್ರಸ್ಟ್ ಐಡಿ ಇನ್‌ಬೌಂಡ್’ ಅನ್ನುವುದನ್ನು ‘ಯೆಸ್’ ಮಾಡದೆ ಇದ್ದರೆ ಆಸ್ಟರಿಸ್ಕ್ ಅದನ್ನು ಓದುವುದೇ ಇಲ್ಲ. ಪಿಜೆಸಿಪ್ ಲಾಗರ್ ಆನ್ ಮಾಡಿ ಒಂದು ಕರೆ ಮಾಡಿಸಿದರೆ ಎರಡೂ ಹೆಡರ್ ಪೂರ್ತಿಯಾಗಿ ಕಾಣುತ್ತವೆ. ಲಾಗರ್ ಅನ್ನು ಆಮೇಲೆ ಆಫ್ ಮಾಡಲು ಮರೆಯಬೇಡಿ, ಲಾಗ್ ಬೇಗ ತುಂಬುತ್ತೆ.

ಪ್ರಶ್ನೆ: ನನ್ನ ಮೊಬೈಲ್‌ನಿಂದ ಮನೆ ಸರ್ವರ್‌ಗೆ ಕರೆ ಮಾಡಿದರೆ ಪಾಸ್‌ವರ್ಡ್ ಕೇಳದೆ ಡಯಲ್ ಟೋನ್ ಕೊಟ್ಟು, ಮನೆಯ ಲೈನ್‌ನಿಂದ ಹೊರಗೆ ಕರೆ ಮಾಡುವ ಹಾಗೆ ಮಾಡಬೇಕು. ಕಾಲರ್ ಐಡಿ ನನ್ನದೇ ಇರುತ್ತಲ್ಲ, ಪಾಸ್‌ವರ್ಡ್ ಯಾಕೆ?

ಉತ್ತರ: ಬೇಡ. ಖಂಡಿತ ಬೇಡ. ಮೊದಲ ಉತ್ತರದಲ್ಲಿ ಸಾಫ್ಟ್‌ಫೋನ್‌ಗೆ ಅಮ್ಮನ ಸಂಖ್ಯೆ ಕೊಟ್ಟು ಪರೀಕ್ಷೆ ಮಾಡಲು ಹೇಳಿದೆನಲ್ಲ, ಎರಡು ನಿಮಿಷದ ಕೆಲಸ ಅದು. ಹೊರಗಿನವರೂ ಹಾಗೇ ನಿಮ್ಮ ಸಂಖ್ಯೆಯನ್ನು ಹಾಕಿಕೊಂಡು ಕರೆ ಮಾಡಬಲ್ಲರು. ಈ ಕಳ್ಳ ಗುರುತನ್ನು ತಡೆಯಲೆಂದೇ ಅಮೆರಿಕದಲ್ಲಿ ಸ್ಟಿರ್/ಶೇಕನ್ ಅನ್ನುವ ಡಿಜಿಟಲ್ ಸಹಿ ವ್ಯವಸ್ಥೆ ತಂದು, 2021ರ ಜೂನ್ 30ರೊಳಗೆ ದೊಡ್ಡ ಫೋನ್ ಸಂಸ್ಥೆಗಳು ಅದನ್ನು ಅಳವಡಿಸಬೇಕು ಅಂತ ನಿಯಮ ಮಾಡಿದರು. ಅಂಥ ಸಹಿ ಇದ್ದರೂ ನಿಮ್ಮ ಮನೆಯ ಸರ್ವರ್ ಅದನ್ನು ನೋಡುತ್ತಿಲ್ಲ.

ಯಾವ ಕೋಣೆಯ ಫೋನ್ ರಿಂಗ್ ಆಗಬೇಕು ಅನ್ನೋದನ್ನು ಕಾಲರ್ ಐಡಿ ನೋಡಿ ನಿರ್ಧರಿಸಿ. ತಪ್ಪಾದರೆ ತಪ್ಪು ಫೋನ್ ಒಂದು ಸಲ ಬಡಿದುಕೊಳ್ಳುತ್ತೆ, ಅಷ್ಟೇ. ದುಡ್ಡು ಖರ್ಚಾಗುವ ಬಾಗಿಲು, ವಾಯ್ಸ್‌ಮೇಲ್ ಕೇಳುವ ಬಾಗಿಲು, ಇವೆರಡಕ್ಕೂ ಪಿನ್ ಇರಲೇಬೇಕು, ಆರು ಅಂಕಿಗಿಂತ ಕಡಿಮೆ ಬೇಡ. ಮೂರು ಸಲ ತಪ್ಪಾದರೆ ಕರೆ ಕಡಿಯುವಂತೆ ಮಾಡಿ. ಹೊರದೇಶದ ಕರೆಗಳನ್ನು ಆ ದಾರಿಯಿಂದ ಪೂರ್ತಿ ಮುಚ್ಚಿಬಿಡಿ. ನೀವು ಈಗಾಗಲೇ ಪಿನ್ ಇಲ್ಲದೆ ಮಾಡಿಟ್ಟಿದ್ದರೆ, ಈ ಪುಟ ಪಕ್ಕಕ್ಕಿಟ್ಟು ಹೋಗಿ ಅದನ್ನು ಮೊದಲು ತೆಗೆಯಿರಿ.